ಇನ್ನೊಂದು 250 ಅಡಿ: ಒಂದು ಬೋರ್‌ವೆಲ್ ತೀರ್ಮಾನದ ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ಯಾವುದೇ ಒಂದು ಅಪಾರ್ಟ್‌ಮೆಂಟಿನ ಕಡತದಿಂದ ಎತ್ತಿದ್ದಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ನಿವಾಸಿಗಳ ಸಂಘಗಳು ಎದುರಿಸಿದಂಥ ಪರಿಸ್ಥಿತಿಯನ್ನು ಆಧರಿಸಿ, ಚರ್ಚೆಗೆಂದು ಕಟ್ಟಿದ ಮಾದರಿ ಪ್ರಕರಣ. ಸಂಘದ ಲೆಕ್ಕಗಳು ಮಾದರಿಯವು. ಊರು, ಸರ್ಕಾರ, ಸಂಶೋಧನೆಗೆ ಸಂಬಂಧಿಸಿದ ಅಂಕಿಗಳು ಮಾತ್ರ ವಾಸ್ತವ.

ಪರಿಸ್ಥಿತಿ

ವರ್ತೂರು ಕಡೆ 96 ಮನೆಗಳ ಅಪಾರ್ಟ್‌ಮೆಂಟ್, ಸುಮಾರು 320 ಜನ. ಕಾವೇರಿ ನೀರು ಆಗ ಇನ್ನೂ ಬಂದಿರಲಿಲ್ಲ. ನಗರದ ಅಂಚಿನ 110 ಹಳ್ಳಿಗಳಿಗೆಂದು ಕಟ್ಟಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದೇ ಆ ವರ್ಷದ ಅಕ್ಟೋಬರಿನಲ್ಲಿ. ಎರಡು ಬೋರ್‌ಗಳ ಪೈಕಿ ಒಂದು ಜನವರಿಯಲ್ಲಿ ಕೈಕೊಟ್ಟಿತು. ಉಳಿದದ್ದು ದಿನಕ್ಕೆ 24,000 ಲೀಟರ್ ಕೊಡುತ್ತಿತ್ತು, ಅದರ ಮೇಲೆ 12,000 ಲೀಟರಿನ ಮೂರು ಟ್ಯಾಂಕರ್. ಒಟ್ಟು 60,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ 43,200 ಸಾಕಿತ್ತು. ಮಿಕ್ಕ 16,800 ಲೀಟರ್ ಎಲ್ಲಿ ಹೋಗುತ್ತಿದೆ ಎಂದು ಫೆಬ್ರವರಿಯಲ್ಲಿ ಯಾರೂ ಕೇಳಲಿಲ್ಲ. ಟ್ಯಾಂಕರ್ ಸಿಕ್ಕರೆ ಸಾಕು ಎಂಬ ಹೊತ್ತು ಅದು.

ಫೆಬ್ರವರಿ 11ರ ತುರ್ತು ಸಭೆಯಲ್ಲಿ ಖಜಾಂಚಿಯವರು ಹೊಸ ಬೋರ್ ಪ್ರಸ್ತಾಪಿಸಿದರು. ಅಧ್ಯಕ್ಷರು ಎಲ್ಲರೆದುರು ಎದ್ದು ನಿಂತು, "ಮಾರ್ಚ್ ಮುಗಿಯೋದ್ರೊಳಗೆ ಗೇಟ್ ಒಳಗೆ ಟ್ಯಾಂಕರ್ ಬರಲ್ಲ, ನನ್ನ ಗ್ಯಾರಂಟಿ" ಅಂದರು. ಈ ವಾಕ್ಯ ಮುಂದೆ ಸಂಘಕ್ಕೆ ಬೋರಿಗಿಂತ ದುಬಾರಿಯಾಯಿತು. ಮೂರನೇ ಮಹಡಿಯ ನಿವೃತ್ತ ಎಂಜಿನಿಯರ್ ಒಬ್ಬರು ಮೊದಲು ಮೀಟರ್ ಹಾಕಿ, ಸೋರಿಕೆ ನೋಡಿ, ಮಳೆನೀರು ಕೊಯ್ಲು ಮಾಡೋಣ ಅಂದರು. ಬೋರ್ ಪರ ಕೈ ಎದ್ದವು.

ಪಾಯಿಂಟ್ ಗುರುತಿಸುವುದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನು ಕರೆಸಿದರು. ಕೆಲವರು ಆಕ್ಷೇಪಿಸಿದ್ದಕ್ಕೆ ಭೂವಿಜ್ಞಾನಿಯಿಂದ ಸರ್ವೆಯೂ ಆಯಿತು, ಆದರೆ ಕಾಯಿ ಎದ್ದು ನಿಂತ ಜಾಗದಲ್ಲಿ ಮಾತ್ರ. ಉಳಿದ ಮೂರು ಮೂಲೆಗಳಲ್ಲಿ ಸರ್ವೆ ಉಪಕರಣ ಇಡಲೇ ಇಲ್ಲ. ಹೌದು ಅನ್ನುವ ಉತ್ತರ ಬರುವ ಕಡೆ ಮಾತ್ರ ಪ್ರಶ್ನೆ ಕೇಳುವ ಈ ಚಾಳಿಯನ್ನು ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲೇ ಮೂರು ಅಂಕಿಗಳ ಒಂದು ಒಗಟಿನಿಂದ ತೋರಿಸಿದ್ದರು. 2, 4, 6 ಎಂಬ ಸಾಲಿನ ಹಿಂದಿರುವ ನಿಯಮ ಹುಡುಕಿ ಅಂದಾಗ ಹೆಚ್ಚಿನವರು ತಮ್ಮ ಊಹೆಗೆ ಒಪ್ಪುವ ಸಾಲುಗಳನ್ನೇ ಕೊಟ್ಟು ನೋಡುತ್ತಾರೆ, ಊಹೆ ಮುರಿಯಬಲ್ಲ ಸಾಲನ್ನು ಕೊಡುವುದಿಲ್ಲ.

ಒಟ್ಟು 1,250 ಅಡಿ ಕೊರೆದರು. 940 ಅಡಿಯಲ್ಲಿ ನೀರು ಕಂಡಿತು. "ಎರಡು ಇಂಚು ಗ್ಯಾರಂಟಿ ಸಾರ್" ಎಂದ ರಿಗ್‌ನವನು. ಕೊರೆತ, ಕೇಸಿಂಗ್, ಪಂಪು, ಪೈಪು, ಕೇಬಲ್ ಸೇರಿ 6.8 ಲಕ್ಷ ರೂ.

ಬಕೆಟ್ ಹೇಳಿದ್ದು

ಬೋರ್ ಕೊರೆಯುವಾಗ ಕಂಪ್ರೆಸರ್ ಗಾಳಿಯ ಒತ್ತಡಕ್ಕೆ ಮೇಲೆ ಚಿಮ್ಮುವ ನೀರು ಆ ಬೋರಿನ ನಿತ್ಯದ ಇಳುವರಿಯಲ್ಲ. ಬೆಂಗಳೂರಿನ ಅಡಿಯಲ್ಲಿರುವುದು ನೈಸ್ (gneiss) ಮತ್ತು ಗ್ರಾನೈಟ್ ಎಂಬ ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಬಿರುಕಿಗೆ ತಗುಲಿದ ದಿನ ಅಲ್ಲಿ ಎಷ್ಟೋ ಕಾಲದಿಂದ ತುಂಬಿಕೊಂಡಿದ್ದದ್ದೆಲ್ಲ ಒಮ್ಮೆಲೇ ಬರುತ್ತದೆ. ಅದಕ್ಕೆ ಮರುಪೂರಣ ಎಷ್ಟಿದೆ ಎನ್ನುವುದು ಸತತವಾಗಿ ಪಂಪ್ ಮಾಡಿದ ಮೇಲಷ್ಟೇ ತಿಳಿಯುವುದು. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕುಗಳೂ ವಿರಳ.

ಅಳೆಯುವುದು ಕಷ್ಟವಲ್ಲ. 20 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಪಂಪ್ ಶುರು ಮಾಡಿದ ಕೂಡಲೇ ಅಳೆಯಬಾರದು, ಎರಡು ಗಂಟೆ ಓಡಿದ ಮೇಲೆ ಅಳೆಯಬೇಕು. ಪಂಪ್ ಎಷ್ಟು ಹೊತ್ತಿಗೆ ನೀರು ಸಾಲದೆ ಡ್ರೈ-ರನ್ ಆಗಿ ಟ್ರಿಪ್ ಆಗುತ್ತದೆ ಎಂದೂ ಬರೆದಿಡಬೇಕು. ಇಲ್ಲಿ ಮೊದಲ ದಿನ ಬಕೆಟ್ ತುಂಬಲು 18 ಸೆಕೆಂಡ್, ಅಂದರೆ ಗಂಟೆಗೆ 4,000 ಲೀಟರ್. 11ನೇ ದಿನ 75 ಸೆಕೆಂಡ್, ಗಂಟೆಗೆ 960 ಲೀಟರ್, ಅದೂ ಎರಡೂವರೆ ಗಂಟೆಗೆ ಟ್ರಿಪ್. ದಿನಕ್ಕೆ ಎರಡು ಸಲ ಓಡಿಸಿದರೆ ಸಿಕ್ಕುವುದು 4,800 ಲೀಟರ್, ಆಗಿನ ಬಳಕೆಯ ನೂರಕ್ಕೆ ಎಂಟು ಪಾಲು.

ಈ ಅಂಕಿಯನ್ನು ಸಮಿತಿಯಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಪ್ರಕರಣದ ತಿರುಳು ಇರುವುದು ಇಲ್ಲಿಯೇ. 75 ಸೆಕೆಂಡ್ ಎಂದು ಖಜಾಂಚಿಯವರೇ ಬರೆದುಕೊಂಡರು. ಅಂಕಿ ಒಪ್ಪಿತವಾಯಿತು, ಅದು ತಮ್ಮ ತೀರ್ಮಾನದ ಬಗ್ಗೆ ಏನು ಹೇಳುತ್ತಿದೆ ಎನ್ನುವುದು ಮಾತ್ರ ಒಪ್ಪಿತವಾಗಲಿಲ್ಲ. ನಡಾವಳಿ ಪುಸ್ತಕದ ಮೂರು ವಾಕ್ಯಗಳನ್ನು ಒಟ್ಟಿಗೆ ಓದಿದರೆ ಗೊತ್ತಾಗುತ್ತದೆ.

ಫೆಬ್ರವರಿ 11: "ಟ್ಯಾಂಕರ್ ಸಂಪೂರ್ಣವಾಗಿ ನಿಲ್ಲಿಸುವ ಉದ್ದೇಶದಿಂದ ಹೊಸ ಕೊಳವೆ ಬಾವಿ."

ಮಾರ್ಚ್ 3: "ಟ್ಯಾಂಕರ್ ಅವಲಂಬನೆ ತಗ್ಗಿಸುವ ನಿಟ್ಟಿನಲ್ಲಿ ಕೊಳವೆ ಬಾವಿ ಉಪಯುಕ್ತವಾಗಿದ್ದು, ಇನ್ನೂ 250 ಅಡಿ ಆಳಗೊಳಿಸಲು ನಿರ್ಣಯಿಸಲಾಯಿತು."

ಮಾರ್ಚ್ 17: "ಕೊಳವೆ ಬಾವಿಯನ್ನು ಭವಿಷ್ಯದ ತುರ್ತು ಮೂಲವಾಗಿ ಉಳಿಸಿಕೊಳ್ಳುವುದು. ಮಳೆಗಾಲದ ನಂತರ ಪೂರ್ಣ ಪ್ರಮಾಣದ ನೀರು ನಿರೀಕ್ಷಿಸಲಾಗಿದೆ."

ಐದು ವಾರದಲ್ಲಿ ಗುರಿಕಂಬ ಮೂರು ಕಡೆ ನೆಟ್ಟಿದ್ದಾರೆ, ಪ್ರತಿ ಸಲವೂ ಬಾಣ ಬಿದ್ದ ಜಾಗದಲ್ಲೇ. ಸುಳ್ಳು ಎನ್ನಬಹುದಾದ ಒಂದು ಪದವೂ ಇದರಲ್ಲಿಲ್ಲ.

ಆಳಗೊಳಿಸುವ ನಿರ್ಣಯದ ಹಿಂದೆ ರಿಗ್ ಏಜೆಂಟನ ಒಂದು ಮಾತಿತ್ತು: "ಸಾರ್, ಇಲ್ಲಿಗೆ ನಿಲ್ಲಿಸಿದ್ರೆ ಹಾಕಿದ ದುಡ್ಡೂ ಹೋಗತ್ತೆ." ಹಾಕಿದ ದುಡ್ಡು ಹೋಗಿಯೇ ಆಗಿತ್ತು. ಆದರೆ ಏಜೆಂಟನಿಗೆ ಅಧ್ಯಕ್ಷರ ಸಂಕಟ ಚೆನ್ನಾಗಿ ಗೊತ್ತಿತ್ತು. ಪಂಪು, ಪೈಪು ಮೇಲೆತ್ತಿಸಿ 1,500 ಅಡಿಗೆ ಹೋದರು. ಬಂದದ್ದು ಬರೀ ಧೂಳು. ಇನ್ನೊಂದು 1.4 ಲಕ್ಷ.

ಹೀಗೇಕೆ ಆಗುತ್ತದೆ

ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ವಿಚಾರ ಇಂದಿಗೂ ಈ ಕ್ಷೇತ್ರದ ಬುನಾದಿ. ಒಂದಕ್ಕೊಂದು ಹೊಂದದ ಎರಡು ಅರಿವುಗಳು ತಲೆಯಲ್ಲಿ ಒಟ್ಟಿಗೆ ಇದ್ದರೆ ಇರಿಸುಮುರಿಸು. ಅದನ್ನು ಕಳೆದುಕೊಳ್ಳಲು ಯಾವುದನ್ನು ಬದಲಿಸುವುದು ಸುಲಭವೋ ಅದನ್ನು ಮನಸ್ಸು ಬದಲಿಸುತ್ತದೆ. ಇಲ್ಲಿ ಒಂದು ಅರಿವು, "ನಾನು ಹಣಕಾಸು ಗೊತ್ತಿರುವ ಜವಾಬ್ದಾರಿಯುತ ಮನುಷ್ಯ". ಇನ್ನೊಂದು, "96 ಮನೆಯವರ 6.8 ಲಕ್ಷ ನನ್ನ ಮಾತಿನ ಮೇಲೆ ಹೋಯಿತು". ಮೊದಲನೆಯದನ್ನು ಬಿಡಲಾಗದು. ಕೊರೆದ ಬೋರನ್ನು ಮುಚ್ಚಿದರೂ ಕೊರೆಸಿದ್ದು ಅಳಿಯದು. ಬದಲಿಸಲು ಉಳಿಯುವುದು ಬೋರಿನ ಉದ್ದೇಶ ಒಂದೇ.

1959ರಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ನಡೆಸಿದ ಪ್ರಯೋಗ ಪ್ರಸಿದ್ಧ. ಒಂದು ಗಂಟೆ ಬೇಸರದ ಕೆಲಸ ಮಾಡಿದ ವಿದ್ಯಾರ್ಥಿಗಳಿಗೆ, ಮುಂದಿನವರ ಬಳಿ "ತುಂಬಾ ಮಜವಾಗಿತ್ತು" ಎಂದು ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಆಮೇಲೆ ಕೇಳಿದಾಗ ಕೆಲಸ ನಿಜಕ್ಕೂ ಚೆನ್ನಾಗಿತ್ತು ಎಂದವರು 1 ಡಾಲರಿನವರು. 20 ಡಾಲರ್ ಪಡೆದವರಿಗೆ ಸುಳ್ಳು ಹೇಳಿದ್ದಕ್ಕೆ ಕಾರಣ ಜೇಬಿನಲ್ಲೇ ಇತ್ತು. ಈ ಮಾದರಿಯ ಪ್ರಯೋಗಗಳನ್ನು ಈಗ ಸ್ವಲ್ಪ ಎಚ್ಚರದಿಂದ ಹೇಳಬೇಕು. 2024ರಲ್ಲಿ ಪ್ರಕಟವಾದ, ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಮಾಡಿದ ಮರುಪರೀಕ್ಷೆಯಲ್ಲಿ, ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಪ್ರಬಂಧ ಬರೆದವರ ಅಭಿಪ್ರಾಯ ಆ ಕಡೆಗೆ ಜರುಗಿದ್ದು ನಿಜ. ಆದರೆ ಬರೆಯುವುದು ಸ್ವಂತ ಆಯ್ಕೆಯೋ ಅಲ್ಲವೋ ಎಂಬುದರಿಂದ ಸಿದ್ಧಾಂತ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಮೂಲ ವಿಚಾರ ಬಿದ್ದುಹೋಯಿತು ಎಂದಲ್ಲ, ಅದು ಯಾವಾಗ ಕೆಲಸ ಮಾಡುತ್ತದೆ ಎಂಬುದು ಪಠ್ಯಪುಸ್ತಕ ಹೇಳಿದಷ್ಟು ಸರಳವಲ್ಲ.

ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರದ್ದು ಅಮೆರಿಕದ ಸಂಶೋಧಕ ಬ್ಯಾರಿ ಸ್ಟಾ 1976ರಲ್ಲಿ ಪ್ರಕಟಿಸಿದ ಅಧ್ಯಯನ. ವ್ಯವಹಾರಶಾಸ್ತ್ರದ 240 ವಿದ್ಯಾರ್ಥಿಗಳು, ಕಾಗದದ ಮೇಲಿನ ಒಂದು ಕಂಪನಿ. ಎರಡು ವಿಭಾಗಗಳಲ್ಲಿ ಯಾವುದಕ್ಕೆ ಮೊದಲ ಕಂತು ಕೊಡಬೇಕೆಂದು ಕೆಲವರು ತಾವೇ ಆರಿಸಿದರು. ಉಳಿದವರಿಗೆ ಬೇರೆಯವರು ಆರಿಸಿ ಆಗಿದೆ ಎಂದು ತಿಳಿಸಲಾಯಿತು. ಆಮೇಲೆ ಎರಡೂ ಕಡೆಯವರಲ್ಲಿ ಕೆಲವರಿಗೆ ಗೆದ್ದ, ಕೆಲವರಿಗೆ ಸೋತ ಫಲಿತಾಂಶ ತೋರಿಸಿ, ಎರಡನೇ ಕಂತಿನ 2 ಕೋಟಿ ಡಾಲರ್ ಹಂಚಲು ಹೇಳಿದರು. ತಾವೇ ಆರಿಸಿದ ವಿಭಾಗ ಸೋತದ್ದನ್ನು ಕಂಡವರು ಅದಕ್ಕೇ ಸರಾಸರಿ ಸುಮಾರು 1.3 ಕೋಟಿ ಸುರಿದರು. ಉಳಿದ ಮೂರು ಗುಂಪುಗಳ ಸರಾಸರಿ ಒಂದು ಕೋಟಿಯನ್ನು ಮುಟ್ಟಲಿಲ್ಲ. ಗೆದ್ದದ್ದಕ್ಕಿಂತ ಸೋತದ್ದಕ್ಕೇ ಹೆಚ್ಚು, ಅದೂ ಆರಿಸಿದವರು ತಾವೇ ಆಗಿದ್ದಾಗ. ಮಾರ್ಚ್ 3ರ ನಿರ್ಣಯ ಇದರ ಪಡಿಯಚ್ಚು.

ಎಂಜಿನಿಯರ್ ಮಾಡಿದ ಎಡವಟ್ಟು

ಮಾರ್ಚ್ 15ರಿಂದ ಹೊಸ ಬೋರ್‌ಗೆ ಜಲಮಂಡಳಿಯ ಅನುಮತಿ ಬೇಕು ಎಂದಾಯಿತು. ಅಷ್ಟರಲ್ಲಿ ಖಜಾಂಚಿಯವರು ಪಶ್ಚಿಮ ಮೂಲೆಯಲ್ಲಿ ಮತ್ತೊಂದು ಬೋರ್‌ಗೆ 7.5 ಲಕ್ಷದ ಅಂದಾಜು ತಂದಿದ್ದರು. ಅನುಮತಿಗೆ ಕಾಯುವ ದಿನಗಳು ನಿಂತು ಯೋಚಿಸಲು ಸಿಕ್ಕ ಸಮಯವಾಗಬಹುದಿತ್ತು. ಆಗಲಿಲ್ಲ. ಅರ್ಜಿ, ನಕ್ಷೆ, ಓಡಾಟ ಎಂದು ಪಟ್ಟ ಶ್ರಮವೇ ಹೊಸ ಸಮರ್ಥನೆಯಾಯಿತು: "ಇಷ್ಟೆಲ್ಲ ಓಡಾಡಿ ಈಗ ಬಿಡೋದಾ?"

ಆ ವಾರ ಎಂಜಿನಿಯರ್ ವಾಟ್ಸಾಪ್ ಗುಂಪಿನಲ್ಲಿ ಬರೆದರು: "8.2 ಲಕ್ಷ ಮಣ್ಣುಪಾಲು ಮಾಡಿದವರು ಉತ್ತರ ಕೊಡಿ." ಅಲ್ಲಿಯವರೆಗೆ ಮೂರನೇ ಪ್ರಯತ್ನದ ಬಗ್ಗೆ ಅನುಮಾನದಲ್ಲಿದ್ದ ಇಬ್ಬರು ಸದಸ್ಯರು ಆ ರಾತ್ರಿಯೇ ಅಧ್ಯಕ್ಷರ ಬೆನ್ನಿಗೆ ನಿಂತರು. ಪ್ರಶ್ನೆ ನೀರಿನದಾಗಿ ಉಳಿಯದೆ ಮರ್ಯಾದೆಯದಾಯಿತು.

ಅಂಕಿಅಂಶ ತೋರಿಸಿದರೆ ಜನ ಇನ್ನಷ್ಟು ಹಠ ಹಿಡಿಯುತ್ತಾರೆ ಎಂಬ ಮಾತು 2010ರ ಒಂದು ಅಧ್ಯಯನದ ನಂತರ ಬಹಳ ಹರಡಿತ್ತು. ಅಮೆರಿಕದ ಸಂಶೋಧಕರಾದ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳಲ್ಲಿ ಪರೀಕ್ಷಿಸಿದಾಗ ಹಾಗೆ ಕಾಣಲಿಲ್ಲ. ತಿದ್ದಿದ ಮಾಹಿತಿಯನ್ನು ಜನ ಬಹುಮಟ್ಟಿಗೆ ಒಪ್ಪಿದರು. ಈ ಸಮಿತಿಯೂ ಬಕೆಟ್ ಅಳತೆಯನ್ನು ಒಪ್ಪಿತ್ತಲ್ಲ. ಕೆರಳಿಸಿದ್ದು 960 ಎಂಬ ಅಂಕಿಯಲ್ಲ, "ಮಾಡಿದವರು" ಎಂಬ ಪದ.

ಎಂಜಿನಿಯರ್ ಕಡೆಯದೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಳೆನೀರಿನಿಂದ ಅರ್ಧ ವರ್ಷ ಕಳೆಯಬಹುದು ಎಂದು ಅವರು ಹೇಳುತ್ತ ಬಂದಿದ್ದರು. ಲೆಕ್ಕ ಹಾಗಿಲ್ಲ. ಚಾವಣಿ 1,800 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನೂರಕ್ಕೆ ಎಂಬತ್ತು ಪಾಲು ಕೈಗೆ ಸಿಗುತ್ತದೆ ಎಂದರೂ ವರ್ಷಕ್ಕೆ ಸುಮಾರು 14 ಲಕ್ಷ ಲೀಟರ್, ಆ ಅಪಾರ್ಟ್‌ಮೆಂಟಿಗೆ 23 ದಿನದ ನೀರು. ಮಾಡಲೇಬೇಕಾದ ಕೆಲಸ, ಆದರೆ ಅರ್ಧ ವರ್ಷವಲ್ಲ. ಯಾರೋ ಇದನ್ನು ತೋರಿಸಿದಾಗ ಅವರು, "ಅಂತರ್ಜಲ ಏರತ್ತಲ್ಲ, ಅದನ್ನೂ ಸೇರಿಸಿ" ಅಂದರು. ಗುರಿಕಂಬ ಇಲ್ಲಿಯೂ ಜರುಗಿತು. ಸರಿಯಾದ ಕಡೆ ಇರುವವರಿಗೆ ಈ ರೋಗ ಬರುವುದಿಲ್ಲ ಎಂದೇನಿಲ್ಲ.

ತಿರುವು

ಮಾರ್ಚ್ ಕೊನೆಗೆ ಒಬ್ಬ ಸದಸ್ಯರು ಊರು ಬಿಟ್ಟರು. ಅವರ ಜಾಗಕ್ಕೆ ಲೆಕ್ಕಪರಿಶೋಧನೆಯ ಕೆಲಸದಲ್ಲಿರುವ ಮಹಿಳೆಯೊಬ್ಬರು ಜಂಟಿ ಕಾರ್ಯದರ್ಶಿಯಾಗಿ ಬಂದರು. ಫೆಬ್ರವರಿಯ ತೀರ್ಮಾನದಲ್ಲಿ ಅವರ ಕೈ ಇರಲಿಲ್ಲ, ಅದೇ ಅವರ ದೊಡ್ಡ ಅನುಕೂಲ. ಬ್ಯಾಂಕುಗಳ ಮೇಲೆ ಸ್ಟಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಹಿರಿಯ ಅಧಿಕಾರಿಗಳು ಬದಲಾದ ಕಡೆ ಕೆಟ್ಟ ಸಾಲಗಳನ್ನು ಕೆಟ್ಟವೆಂದು ಒಪ್ಪಿ ಲೆಕ್ಕದಿಂದ ತೆಗೆಯುವುದು ಹೆಚ್ಚಾಯಿತು.

ಅವರು ಮೊದಲು ಮಾಡಿದ್ದು ಖರ್ಚಾದ ಹಣವನ್ನು ಸಭೆಯ ಹಾಳೆಯಿಂದ ತೆಗೆದದ್ದು. 8.2 ಲಕ್ಷ ವಾರ್ಷಿಕ ಲೆಕ್ಕಪತ್ರದಲ್ಲಿ ಇರುತ್ತದೆ, ಯಾರೂ ಮುಚ್ಚಿಡುತ್ತಿಲ್ಲ. ಮುಂದಿನ ತೀರ್ಮಾನದ ಹಾಳೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆ ಹಾಳೆಯಲ್ಲಿ ಒಂದೇ ಪ್ರಶ್ನೆ ಉಳಿಯಿತು: ಈಗ ನಮ್ಮ ಬಳಿ 7.5 ಲಕ್ಷ ಇದೆ, ಇದರಿಂದ ದಿನಕ್ಕೆ ಅತಿ ಹೆಚ್ಚು ಲೀಟರ್ ಎಲ್ಲಿ ಸಿಗುತ್ತದೆ?

ಎರಡನೆಯದು ಸೂಕ್ಷ್ಮ. ಖಜಾಂಚಿಯವರನ್ನು "ಯಾಕೆ ಹೀಗಾಯ್ತು" ಎಂದು ಕೇಳುವ ಬದಲು, "ಸರ್, ಫೆಬ್ರವರಿಯಲ್ಲಿ ನಿಮ್ಮ ಮುಂದೆ ಯಾವ ಯಾವ ಮಾಹಿತಿ ಇತ್ತು?" ಎಂದು ಕೇಳಿ ಪಟ್ಟಿ ಮಾಡಿದರು. ಸೈಮನ್‌ಸನ್ ಮತ್ತು ಸ್ಟಾ 1992ರಲ್ಲಿ ಹೋಲಿಸಿ ನೋಡಿದ ಉಪಾಯಗಳಲ್ಲಿ ಇದೂ ಒಂದು. ಫಲಿತಾಂಶಕ್ಕಲ್ಲದೆ ತೀರ್ಮಾನಿಸಿದ ಕ್ರಮಕ್ಕೆ ಲೆಕ್ಕ ಕೇಳಿದಾಗ, ಸೋಲುತ್ತಿರುವ ದಾರಿಗೆ ಜನ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಪಟ್ಟಿ ಮಾಡುವಾಗ ಒಂದು ಖಾಲಿ ಜಾಗ ಎದ್ದು ಕಂಡಿತು: ಅಕ್ಕಪಕ್ಕದ ಬೋರ್‌ಗಳ ಮಾಹಿತಿ. ಅದನ್ನು ತರುವ ಕೆಲಸವನ್ನು ಖಜಾಂಚಿಯವರೇ ವಹಿಸಿಕೊಂಡರು. ಅದೇ ರಸ್ತೆಯ ಐದು ಸಂಘಗಳಿಗೆ ಫೋನ್ ಮಾಡಿದರು. 1,000 ಅಡಿ ದಾಟಿದ ಐದು ಬೋರ್‌ಗಳಲ್ಲಿ ಒಂದು ಮಾತ್ರ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ರಿಗ್ ಕರೆಸುವ ಮೊದಲು ಮಾಡಬೇಕಾದ ಕೆಲಸ ಇದು, ಅರ್ಧ ದಿನವೂ ಹಿಡಿಯುವುದಿಲ್ಲ.

ಮೂರನೆಯದರಲ್ಲಿ ಮೊದಲ ಸಲ ಎಡವಿದರು. ಹೊಸ ಬೋರ್ 30ನೇ ದಿನ ಗಂಟೆಗೆ ಎಷ್ಟು ಲೀಟರಿಗಿಂತ ಕಡಿಮೆ ಕೊಟ್ಟರೆ ಸೋಲು ಎನ್ನೋಣ ಎಂದು ಸಭೆಯಲ್ಲಿ ಬಾಯಲ್ಲೇ ಕೇಳಿದರು. ಅಧ್ಯಕ್ಷರು ಮೊದಲು ಮಾತಾಡಿ, "ಸಾವಿರ ಲೀಟರ್ ಬಂದ್ರೂ ಸಾಕಲ್ವಾ ಮೇಡಂ" ಅಂದರು. ಎಲ್ಲರ ತಲೆ ಆಡಿತು. 960 ಕೊಡುವ ಬೋರ್ ಹೆಚ್ಚುಕಡಿಮೆ ಪಾಸು ಎನ್ನಿಸುವಂಥ ಅಂಕಿ ಅದು, ಗೊತ್ತಿದ್ದೋ ಗೊತ್ತಿಲ್ಲದೆಯೋ. ಮುಂದಿನ ಭಾನುವಾರ ಅದೇ ಪ್ರಶ್ನೆಯನ್ನು ಚೀಟಿಯಲ್ಲಿ, ಹೆಸರಿಲ್ಲದೆ, ಮಾತು ಶುರುವಾಗುವ ಮೊದಲೇ ಬರೆಸಿದರು. ಏಳು ಚೀಟಿಗಳಲ್ಲಿ ಬಂದದ್ದು 1,000, 2,000, 2,500, 2,500, 3,000, 3,000, 4,000. ನಡುವಿನದು 2,500 ಎಂದು ಹಾಳೆಗೆ ಏರಿತು. ಏಳೂ ಚೀಟಿಗಳ ಪ್ರಕಾರ ಮೊದಲ ಬೋರ್ ನಪಾಸು, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆ ಗುರಿ ಮುಟ್ಟುವ ಸಾಧ್ಯತೆ ಹತ್ತರಲ್ಲಿ ಎಷ್ಟು ಎಂಬ ಎರಡನೇ ಚೀಟಿಗೆ ನಡುವಿನ ಉತ್ತರ 3. ಬೋರನ್ನು 60 ದಿನ ಮುಂದೂಡಿ, ಮೀಟರ್ ಮತ್ತು ಸೋರಿಕೆಯ ಕೆಲಸ ಮೊದಲು ಎಂದು ಐದಕ್ಕೆ ಎರಡು ಮತದಿಂದ ತೀರ್ಮಾನವಾಯಿತು. "ಬೋರ್ ಬೇಡ" ಎಂದು ಬರೆದಿದ್ದರೆ ಐದು ಮತ ಬೀಳುತ್ತಿರಲಿಲ್ಲ.

ಸೋರಿಕೆ ಪರೀಕ್ಷೆ ಹೀಗೆ ನಡೆಯಿತು. ರಾತ್ರಿ 1ರಿಂದ 4ರವರೆಗೆ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವುದನ್ನು ನಿಲ್ಲಿಸಿ, ಗುರುತು ಹಾಕಿದ ಕೋಲಿನಿಂದ ಮಟ್ಟ ನೋಡಿದರು. 14 ಚದರ ಮೀಟರ್ ತಳದ ಟ್ಯಾಂಕಿನಲ್ಲಿ 15 ಸೆಂ.ಮೀ. ಇಳಿದಿತ್ತು: 2,100 ಲೀಟರ್, ಗಂಟೆಗೆ 700. ಊರೆಲ್ಲ ಮಲಗಿದ ಹೊತ್ತಿನಲ್ಲಿ ಇದು ಬಳಕೆಯಲ್ಲ. ಮರುದಿನದಿಂದ ಮನೆಮನೆಗೆ ಹೋಗಿ ಫ್ಲಶ್ ಟ್ಯಾಂಕಿಗೆ ಬಣ್ಣದ ಹನಿ ಹಾಕಿ, ಫ್ಲಶ್ ಮಾಡದೆ 20 ನಿಮಿಷ ಬಿಟ್ಟು ಕಮೋಡ್ ನೋಡಿದರು. ಬಣ್ಣ ಇಳಿದಿದ್ದರೆ ವಾಷರ್ ಹೋಗಿದೆ ಎಂದರ್ಥ. 192 ಟ್ಯಾಂಕ್‌ಗಳಲ್ಲಿ 57 ಸೋರುತ್ತಿದ್ದವು. ಮೀಟರ್, ವಾಷರ್, ಪ್ಲಂಬರ್ ಕೂಲಿ ಸೇರಿ 80,000 ರೂ. ಐದನೇ ವಾರ ರಾತ್ರಿಯ ಇಳಿತ ಗಂಟೆಗೆ 180 ಲೀಟರಿಗೆ ಬಂದಿತ್ತು. ಉಳಿತಾಯ ದಿನಕ್ಕೆ 12,480 ಲೀಟರ್, ಒಂದು ಟ್ಯಾಂಕರಿಗಿಂತ ತುಸು ಹೆಚ್ಚು. 5ರಿಂದ 10 ಕಿ.ಮೀ. ದೂರದಿಂದ ಬರುವ 12,000 ಲೀಟರಿಗೆ ಜಿಲ್ಲಾಡಳಿತ ಆ ಮಾರ್ಚ್‌ನಲ್ಲಿ ನಿಗದಿ ಮಾಡಿದ್ದ 1,200 ರೂ. ದರದಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 36,000 ರೂ. ಅಳತೆ ಪುಸ್ತಕ ಖಜಾಂಚಿಯವರ ಕೈಯಲ್ಲಿತ್ತು. ಅದನ್ನು ಅವರಿಗೇ ಕೊಟ್ಟದ್ದು ಜಂಟಿ ಕಾರ್ಯದರ್ಶಿಯವರ ಜಾಣತನ.

ಆಮೇಲೆ

ಆಗಸ್ಟ್‌ನ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು, "ನಾವು ಶುರುವಿನಿಂದಲೂ ಲೀಕೇಜ್ ಮೇಲೇ ಗಮನ ಕೊಟ್ಟಿದ್ವಿ" ಅಂದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬೇಕೆಂದೇ ಹೇಳಿದ ಸುಳ್ಳು ಎಂದು ಭಾವಿಸಬೇಕಿಲ್ಲ. ಮನಸ್ಸು ಬದಲಾದ ಮೇಲೆ ಹಳೆಯ ನಿಲುವಿನ ನೆನಪೂ ಹೊಸದರ ಕಡೆ ವಾಲುತ್ತದೆ. ಎಂಜಿನಿಯರ್ ಫೆಬ್ರವರಿಯ ನಡಾವಳಿ ತೆಗೆದು ಓದಲು ಎದ್ದಾಗ ಪಕ್ಕದವರು ಕೈಹಿಡಿದು ಕೂರಿಸಿದರು. ಕೂರಿಸಿದ್ದೇ ಸರಿ. ಅಧ್ಯಕ್ಷರು ಈಗ ನಿಂತಿರುವ ಜಾಗ ಸರಿಯಾಗಿರುವಾಗ, ಅಲ್ಲಿಗೆ ಬಂದ ದಾರಿಯನ್ನು ತುಂಬಿದ ಸಭೆಯಲ್ಲಿ ಒಪ್ಪಿಸಬೇಕೆಂದರೆ ಮತ್ತೆ ಹಳೆಯ ಜಾಗಕ್ಕೇ ತಳ್ಳಿದಂತಾಗುತ್ತದೆ.

ಆದರೆ ನೆನಪು ಹೀಗೆ ಜರುಗುವುದರಿಂದಲೇ ಹಾಳೆ ಬೇಕು. 50,000 ರೂ. ಮೀರಿದ ಯಾವ ಪ್ರಸ್ತಾವಕ್ಕೂ ಈಗ ಸಂಘದಲ್ಲಿ ಒಂದು ಪುಟ ಕಡ್ಡಾಯ: ಏನು ಸಿಗಬೇಕು, ಯಾವ ದಿನ, ಹೇಗೆ ಅಳೆಯುವುದು, ಎಷ್ಟಕ್ಕಿಂತ ಕಡಿಮೆಯಾದರೆ ಸೋಲು. ಪ್ರಸ್ತಾಪಿಸಿದವರ ಸಹಿ ಹಣ ಬಿಡುಗಡೆಯ ಮೊದಲೇ ಬೀಳಬೇಕು.

ಆ ಪುಟ ಮೊದಲು ಅಡ್ಡ ಬಂದದ್ದು ಎಂಜಿನಿಯರಿಗೆ. 4 ಅಡಿ ಅಗಲ, 25 ಅಡಿ ಆಳದ ಎರಡು ಇಂಗುಬಾವಿಗಳಿಗೆ ಅವರು 1.6 ಲಕ್ಷದ ಪ್ರಸ್ತಾವ ಕೊಟ್ಟಿದ್ದಾರೆ. ಫಿಲ್ಟರ್ ಹೇಗೆ, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು ಹೇಗೆ, ವರ್ಷಕ್ಕೆ ಎಷ್ಟು ಸಲ ಹೂಳು ತೆಗೆಯಬೇಕು, ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದಾರೆ. ಸೋಲಿನ ಕಲಂ ಮಾತ್ರ ಖಾಲಿ. "ನೀರು ಇಂಗಿಸೋದ್ರಲ್ಲಿ ಸೋಲು ಅಂತ ಎಲ್ಲಿರತ್ತೆ ಮೇಡಂ?" ಎಂದು ಕೇಳಿದರಂತೆ. ಜೋರು ಮಳೆ ನಿಂತ ಎಷ್ಟು ಗಂಟೆಯೊಳಗೆ ಬಾವಿ ಬರಿದಾಗಬೇಕು, ಹಳೆಯ ಬೋರಿನ ನೀರಿನ ಮಟ್ಟ ಮುಂದಿನ ಏಪ್ರಿಲ್‌ನಲ್ಲಿ ಎಷ್ಟಿರಬೇಕು, ಇವೆರಡನ್ನು ತುಂಬಿ ತನ್ನಿ ಎಂದು ಹಾಳೆಯನ್ನು ಅವರಿಗೇ ವಾಪಸ್ ಕೊಡಲಾಗಿದೆ. ಅಲ್ಲಿಯವರೆಗೆ ಪ್ರಸ್ತಾವ ಸಭೆಗೆ ಬರುವುದಿಲ್ಲ.